ಮುಂಗಾಲು ಚಾಚುವ ಹೊತ್ತು

ಜಿಗಿದ ನೆಲಗಪ್ಪೆ ಮೂತಿ ಜಜ್ಜಿಕೊಳ್ಳದೆ ಹೇಗೆ ಇಳಿಯುತ್ತದೆ ಎಂದು ಹುಡುಕುವುದೇ ಅವಳ ಕೆಲಸ. ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆಯಲ್ಲಿ, ಗಾಜಿನ ತೊಟ್ಟಿಗಳ ನಡುವೆ ದಿನವಿಡೀ ಓಡಾಡುತ್ತಿದ್ದಳು. ಕುರ್ಚಿಯೊಂದಿತ್ತು, ಅದರಲ್ಲಿ ಅವಳ ಚೀಲ ಕೂತಿರುತ್ತಿತ್ತು. ಮನೆಯಲ್ಲೂ ನಿಂತೇ ಉಣ್ಣುವವಳು, ಚಪ್ಪಲಿ ಮೆಟ್ಟುತ್ತಲೇ ಮಾತು ಮುಗಿಸುವವಳು. ಬಟ್ಟೆ ಹೊಲಿದು ಅವಳನ್ನು ಓದಿಸಿದ ಅಮ್ಮ ಅವಳನ್ನು ಕರೆಯುತ್ತಿದ್ದುದೇ ‘ಚಡಪಡಿ’ ಎಂದು.

ನೆಲಗಪ್ಪೆ ಗಾಳಿಯಲ್ಲಿರುವಾಗಲೇ ಮುಂಗಾಲು ಚಾಚಿ ಸ್ನಾಯು ಬಿಗಿಮಾಡಿಕೊಳ್ಳುತ್ತದೆ. ದೂರ ಹಾರಿದರೆ ಹೆಚ್ಚು ಬಿಗಿ, ಹತ್ತಿರ ಕುಪ್ಪಳಿಸಿದರೆ ಕಡಿಮೆ. ನೆಲ ಮುಟ್ಟುವ ಮೊದಲೇ ಅದಕ್ಕೆ ತಿಳಿಯುವುದು ಹೇಗೆ? ಕಣ್ಣಿನಿಂದಲೇ ಎಂದು ಅವಳು ನಂಬಿದ್ದಳು. ಪರೀಕ್ಷಿಸಲು ಕಪ್ಪೆಗಳ ಕಣ್ಣು ಮುಚ್ಚುವ ಮೆತ್ತನೆಯ ಟೋಪಿ ಬೇಕಿತ್ತು.

“ಮೊಮ್ಮಕ್ಕಳಿಗೆ ಟೋಪಿ ಹೊಲೀತೀನಿ ಅಂದ್ಕೊಂಡಿದ್ದೆ,” ಎಂದರು ಅಮ್ಮ. “ಸರಿ, ಕಪ್ಪೆಗಾದ್ರೂ ಹೊಲೀತೀನಿ. ಅಳತೆ ತಗೊಂಡು ಬಾ.”

ಅದೇ ವಾರ ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಮುಗ್ಗರಿಸಿ ಬಿದ್ದರು. ಗಲ್ಲ ಒಡೆದಿತ್ತು, ಅಂಗೈಗೆ ಒಂದು ತರಚೂ ಇರಲಿಲ್ಲ.

“ಕೈ ಊರಬಾರದಿತ್ತಾ ಅಮ್ಮ?”

“ಊರೋಷ್ಟರಲ್ಲಿ ನೆಲಾನೇ ಎದ್ದು ಬಂತು ಕಣೆ.”

ಅವಳು ದೊಡ್ಡ ಬಲ್ಬು ಹಾಕಿಸಿದಳು, ಅಮ್ಮನಿಗೆ ಹೊಸ ಕನ್ನಡಕ ಕೊಡಿಸಿದಳು, ಮತ್ತೆ ಕಪ್ಪೆಗಳತ್ತ ಓಡಿದಳು. ಕನ್ನಡಕ ಹಾಕಿಕೊಂಡೇ ಅಮ್ಮ ಇನ್ನೊಮ್ಮೆ ಬಿದ್ದರು.

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಕಷ್ಟ ಎನ್ನುತ್ತಾರೆ. ಟೋಪಿ ಹಾಕುವುದು ಅದಕ್ಕಿಂತ ಕಷ್ಟ. ಒಂದಕ್ಕೆ ಹಾಕುವಷ್ಟರಲ್ಲಿ ಇನ್ನೊಂದು ಕಿತ್ತೆಸೆದಿರುತ್ತಿತ್ತು. ಕೊನೆಗೂ ಚಿತ್ರ ತೆಗೆದು, ನಿಧಾನಗತಿಯಲ್ಲಿ ಓಡಿಸಿ ನೋಡಿದರೆ ಅವಳ ನಂಬಿಕೆಯೇ ತಲೆಕೆಳಗಾಯಿತು. ಕಣ್ಣು ಮುಚ್ಚಿದ್ದರೂ ಹೆಚ್ಚಿನವು ಸರಿಯಾದ ಹೊತ್ತಿಗೆ ಮುಂಗಾಲು ಚಾಚಿದ್ದವು. ಹಾಗಾದರೆ ಮುಂಗಾಲಿಗೆ ಸುದ್ದಿ ಮುಟ್ಟಿಸುವವರು ಯಾರು? ಅವಳು ಎದ್ದಳು, ಕಿಟಕಿ ತೆರೆದಳು, ಮುಚ್ಚಿದಳು, ಪಡಸಾಲೆಯ ಉದ್ದಕ್ಕೂ ಶತಪಥ ಹಾಕಿದಳು.

“ಮೇಡಂ, ಕಪ್ಪೆಗಿಂತ ನೀವೇ ಜಾಸ್ತಿ ಹಾರಾಡ್ತಿದ್ದೀರಿ,” ಎಂದ ಕ್ಯಾಮೆರಾದವನು.

ಟೋಪಿ ಇನ್ನೂ ಬಿಗಿಯಾಗಿದ್ದರೆ ಬೇರೆ ಉತ್ತರ ಬರಬಹುದೇನೋ ಎಂಬ ಆಸೆಯಿಂದ ಮಧ್ಯಾಹ್ನವೇ ಮನೆಗೆ ಬಂದಳು. ಹೊಲಿಗೆ ಮೆಷಿನ್ನಿನಿಂದ ಅಡುಗೆಮನೆಯವರೆಗೆ ನೆಲದ ಮೇಲೆ ಕೆಂಪು ಚುಕ್ಕಿಗಳು. ಒಲೆಯ ಮುಂದೆ ಅಮ್ಮ ಆರಾಮವಾಗಿ ನಿಂತಿದ್ದರು. ಅವರ ಹಿಮ್ಮಡಿಯಲ್ಲಿ ಗುಂಡುಪಿನ್ನು ತಲೆಯವರೆಗೂ ನಾಟಿತ್ತು.

“ಅಮ್ಮ, ನೋವಾಗ್ತಿಲ್ವಾ?”

“ಏನು ನೋವು?”

ಪಿನ್ನು ಕಿತ್ತು, ಗಾಯ ತೊಳೆದು, ಅವಳು ನೆಲದ ಮೇಲೆ ಕೂತುಬಿಟ್ಟಳು. ಅಮ್ಮನ ಪಾದ ಮಡಿಲಿಗೆಳೆದುಕೊಂಡು, “ಕಣ್ಣು ಮುಚ್ಕೋ. ಯಾವ ಬೆರಳು ಮುಟ್ಟಿದೆ ಹೇಳು,” ಎಂದಳು.

ಅಮ್ಮ ಸ್ವಲ್ಪ ಹೊತ್ತು ಕಾದು, “ಮುಟ್ಟಿದ್ಯಾ?” ಎಂದರು.

ಅವಳು ಹೆಬ್ಬೆರಳನ್ನು ಒತ್ತಿ ಹಿಡಿದೇ ಇದ್ದಳು. ಬೀಳುವ ಸುದ್ದಿ ಮೊದಲು ತಿಳಿಯಬೇಕಾದದ್ದು ಪಾದಕ್ಕೆ. ಪಾದವೇ ಮೂಕವಾದರೆ ಕೈಗೆ ಹೇಳುವವರು ಯಾರು?

“ಎಷ್ಟು ದಿನದಿಂದ ಹೀಗೆ?”

“ಬಹಳ ದಿನ ಆಯ್ತು. ಹತ್ತಿ ಮೇಲೆ ನಡೆದ ಹಾಗಿರುತ್ತೆ. ಮೆಷಿನ್ ಶಬ್ದ ಕೇಳ್ಕೊಂಡೇ ತುಳೀತಿದ್ದೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ನೀನು ಗೇಟು ದಾಟಿರ್ತಿದ್ದೆ.”

ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದಿದೆ ಎಂದರು ವೈದ್ಯರು. ಹೋದದ್ದು ಪೂರ್ತಿ ಮರಳದು, ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಮನೆಯ ಗೋಡೆಗುಂಟ ಹಿಡಿಕೆ ಬಂತು, ತುಳಿಯುವ ಮೆಷಿನ್ನಿನ ಬದಲು ಕೈಯಲ್ಲಿ ತಿರುಗಿಸುವುದು ಬಂತು. ಅವಳು ಪ್ರಯೋಗವನ್ನೂ ಬದಲಿಸಿದಳು: ಹಿಂಗಾಲು ಎಷ್ಟು ಬಲವಾಗಿ ಒದೆಯಿತು, ಮುಂಗಾಲು ಅದಕ್ಕೆ ತಕ್ಕಂತೆ ಎಷ್ಟು ಬಿಗಿಯಾಯಿತು ಎಂದು ಅಳೆಯತೊಡಗಿದಳು. ಕಣ್ಣಿನದೂ ಪಾಲಿದೆ, ಆದರೆ ಕಾಲಿನ ಪಾಲು ದೊಡ್ಡದು ಎನ್ನುವಲ್ಲಿಗೆ ಬಂದಿದ್ದಾಳೆ. ಅದಿನ್ನೂ ಗಟ್ಟಿಯಾಗಿಲ್ಲ.

ಈಗ ಸಂಜೆ ಅಮ್ಮನನ್ನು ನಡೆಸಲು ಅವಳೇ ಕರೆದೊಯ್ಯುತ್ತಾಳೆ. ಅಮ್ಮ ನೆಲ ನೋಡುತ್ತಾ ಹೆಜ್ಜೆ ಇಡುತ್ತಾರೆ. ಅವಳು ಮುಂದೆ ಹೋಗಿಬಿಡುತ್ತಾಳೆ, ನಿಲ್ಲುತ್ತಾಳೆ, ತುಟಿ ಕಚ್ಚಿ ವಾಪಸ್ಸು ಬರುತ್ತಾಳೆ.

“ಬೇಜಾರಾದ್ರೆ ನೀನು ಹೋಗೆ, ನಾನು ನಿಧಾನಕ್ಕೆ ಬರ್ತೀನಿ.”

“ಇಲ್ಲಮ್ಮ, ನಡಿ,” ಎಂದು ತೋಳು ಹಿಡಿಯುತ್ತಾಳೆ. ಹಿಡಿದ ಕೈಯ ಬೆರಳುಗಳು ಮಾತ್ರ ಅಮ್ಮನ ತೋಳಿನ ಮೇಲೆ ತಾಳ ಹಾಕುತ್ತಲೇ ಇರುತ್ತವೆ.