ಸಿಪ್ಪೆ ಸಮೇತ

ಅಪೊಲೊನಿಯಾಳಿಗೆ ಐವತ್ತೆರಡು ವರ್ಷ. ಅದರಲ್ಲಿ ಹದಿನಾಲ್ಕನ್ನು ಅವಳು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಕಟ್ಟಡದ ಹನ್ನೊಂದನೇ ಮಾಳಿಗೆಯಲ್ಲಿ, ಒಂದು ಅಡುಗೆಮನೆಯಲ್ಲಿ ನಿಂತೇ ಕಳೆದಿದ್ದಳು. ನಿಂತೇ ಎಂದರೆ ನಿಂತೇ. ಅಲ್ಲಿ ಒಂದು ಸ್ಟೂಲು ಇಡುವಷ್ಟೂ ಜಾಗವಿರಲಿಲ್ಲ. ಮಂಡಿ ಎರಡೂ ಸವೆದಿವೆ ಎಂದು ಕ್ಲಿನಿಕ್ಕಿನ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಅದನ್ನು ತಿಳಿಯಲು ಅವಳಿಗೆ ಡಾಕ್ಟರು ಬೇಕಿರಲಿಲ್ಲ.

ಮನೆ ಒಬ್ಬ ಇಟಾಲಿಯನ್ ಎಂಜಿನಿಯರನದು. ಆದರೆ ಆಳ್ವಿಕೆ ಅವನ ತಾಯಿಯದು. ಎಂಬತ್ತನಾಲ್ಕರ ಆ ಮುದುಕಿಯನ್ನು ಎಲ್ಲರೂ ಸಿನ್ಯೋರಾ ಎಂದೇ ಕರೆಯುತ್ತಿದ್ದರು. ಇಟಲಿಯ ದಕ್ಷಿಣದ ತುದಿಯಲ್ಲಿ, ಆಲಿವ್ ಮರಗಳ ನಡುವಿನ ಒಂದು ಊರಿನವಳು. ಗಂಡ ಸತ್ತ ಮೇಲೆ ಮಗ ಕರೆತಂದು ಇಲ್ಲಿಟ್ಟುಕೊಂಡಿದ್ದ. ಮಗನಿಗೆ ಬರ್ಗರ್ ಕೊಟ್ಟರೂ ಆಗುತ್ತಿತ್ತು, ಬಿರಿಯಾನಿ ಕೊಟ್ಟರೂ ಆಗುತ್ತಿತ್ತು. ಸಿನ್ಯೋರಾಗೆ ಮಾತ್ರ ತನ್ನ ಊರಿನ ಬಡವರ ಊಟವೇ ಬೇಕು. ಸೋಮವಾರ ಕಡಲೆಕಾಳಿನ ಪಾಸ್ತಾ, ಬುಧವಾರ ಬೇಯಿಸಿ ಅರೆದ ಅವರೆಬೇಳೆಯಂಥ ಒಂದು ಕಾಳು ಮತ್ತು ಕಹಿ ಸೊಪ್ಪು, ಶುಕ್ರವಾರ ಮೀನು, ಶನಿವಾರ ಟೊಮೆಟೊ ಸಾಸ್. ಆ ಸಾಸಿಗೆ ಬೇಕಾದದ್ದು ಐದೇ ಸಾಮಾನು: ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಉಪ್ಪು, ನಾಲ್ಕು ತುಳಸಿಯಂಥ ಎಲೆ. ಐದೂ ಚೊಕ್ಕ ಇರಬೇಕು. ಮುದುಕಿ ಬಂದರಿನ ಬಳಿಯ ಮೀನಾ ಮಾರ್ಕೆಟಿಗೆ ತಾನೇ ಬಂದು, ಜೋರ್ಡಾನಿನ ಟೊಮೆಟೊವನ್ನು ತೊಟ್ಟಿನ ಬಳಿ ಮೂಸಿ ನೋಡಿ, ಸರಿಬಾರದಿದ್ದರೆ ಅಂಗಡಿಯವನ ಮುಖಕ್ಕೇ ಹಿಡಿಯುತ್ತಿದ್ದಳು. ಎಣ್ಣೆಯಂತೂ ಪ್ರತಿ ಬೇಸಗೆಯಲ್ಲಿ ಅವಳ ಊರಿಂದಲೇ ಡಬ್ಬಿಗಳಲ್ಲಿ ಬರುತ್ತಿತ್ತು.

ಕಿನ್ನಿಗೋಳಿಯ ಕಡೆಯಿಂದ ಬಂದ ಅಪೊಲೊನಿಯಾಳಿಗೆ ಮೊದಲ ದಿನ ಇದು ಅಡುಗೆಯೆಂದೇ ಅನಿಸಿರಲಿಲ್ಲ. ಹನ್ನೆರಡು ಸಾಮಾನು ಹುರಿದು ಅರೆಯದೆ ಒಂದು ಸಾರು ಆಗುವುದಾದರೂ ಹೇಗೆ? ಸಿನ್ಯೋರಾ ಪಕ್ಕದಲ್ಲೇ ನಿಂತು ಒಂದೊಂದನ್ನೂ ಹೇಳಿಕೊಟ್ಟಳು. ಇವಳು ಮಗಳ ಹಳೇ ಶಾಲಾ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆದುಕೊಂಡಳು. 'ಬೆಳ್ಳುಳ್ಳಿ ಸಿಪ್ಪೆ ಸುಲಿಯಬೇಕು. ಎಸಳು ಇಡೀ ಇರಬೇಕು. ಎಣ್ಣೆಯಲ್ಲಿ ಕೆಂಪಾದ ಕೂಡಲೇ ತೆಗೆದು ಬಿಸಾಡಬೇಕು. ಮತ್ತೆ ಟೊಮೆಟೊ.' ಬಿಸಾಡಬೇಕು ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಬೆಳ್ಳುಳ್ಳಿ ಬಿಸಾಡುವ ಜನರನ್ನು ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ.

ಬರೆಯುವಾಗ ಮಗಳು ಜೆಸ್ಸಿಕಾಗೆ ಹನ್ನೊಂದು ವರ್ಷ. ಅಪ್ಪ ತೀರಿಕೊಂಡಿದ್ದ, ಅಮ್ಮ ಗಲ್ಫಿಗೆ ಬಂದಿದ್ದಳು, ಹುಡುಗಿ ಸೋದರತ್ತೆಯ ಮನೆಯಲ್ಲಿ ಬೆಳೆದಳು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ. ಮಗಳ ಪರೀಕ್ಷೆ, ಜ್ವರ, ಅಳು, ಯಾವುದಕ್ಕೂ ತಾಯಿ ಅಲ್ಲಿರಲಿಲ್ಲ. ಮದುವೆಗೆ ಹತ್ತು ದಿನ ಸಿಕ್ಕಿತ್ತು. ಈಗ ಜೆಸ್ಸಿಕಾ ಬಸುರಿ, ಡಿಸೆಂಬರ್ ಹದಿನೈದರ ಆಸುಪಾಸು ದಿನ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರು ಎಂದರೆ ಅಪೊಲೊನಿಯಾ ಕಟ್ಟಿಸಿ, ಬೀಗ ಹಾಕಿ ಬಂದಿದ್ದ ಮನೆ. ಬಾಣಂತನವನ್ನಾದರೂ ತನ್ನ ಕೈಯಾರೆ ಮಾಡಬೇಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಎಂದು ಅವಳು ಪ್ರತಿ ಶುಕ್ರವಾರ ಚರ್ಚಿನ ಕೊಂಕಣಿ ಪೂಜೆಯಲ್ಲಿ ಬೇಡಿಕೊಳ್ಳುತ್ತಿದ್ದಳು.

ಎಂಜಿನಿಯರ್ ಒಳ್ಳೆಯವನೇ. ವೀಸಾ ರದ್ದು ಮಾಡಿಸಿ ಕಳಿಸುತ್ತೇನೆ, ಟಿಕೆಟೂ ನನ್ನದೇ ಎಂದ. ಆದರೆ ಒಂದೇ ಷರತ್ತು: ಬದಲಿ ಹೆಂಗಸಿನ ಕೈಯಡುಗೆಯನ್ನು ಅಮ್ಮ ಉಣ್ಣಬೇಕು. ಮೊದಲೇ ಹಿಡಿ ತೂಕವಿಲ್ಲದ ಮುದುಕಿ, ಎರಡು ದಿನ ಉಪವಾಸ ಕೂತರೆ ಕಥೆ ಮುಗಿಯಿತು. ನವೆಂಬರ್ ಇಪ್ಪತ್ತಕ್ಕೆ ಟಿಕೆಟಾಯಿತು.

ಬದಲಿಗೆ ಬಂದವಳು ವೆರೋನಿಕಾ, ಶಿರ್ವದ ಕಡೆಯವಳು, ಮೂವತ್ತರ ಒಳಗಿನ ಗಟ್ಟಿ ಹೆಂಗಸು. ದುಬೈಯ ಅಲ್ ಕುಸೈಸಿನಲ್ಲಿ ಊರಿನವರ ಮನೆಯಲ್ಲಿ ಅಡುಗೆಗಿದ್ದಳು. ಬಂದ ಮೊದಲ ಶನಿವಾರವೇ ಬೆಳ್ಳುಳ್ಳಿ ಎಸಳುಗಳನ್ನು ಹಲಗೆಯ ಮೇಲಿಟ್ಟು, ಸ್ಟೀಲ್ ಲೋಟದ ತಳದಿಂದ ಟಪಟಪ ಜಜ್ಜಿ, ಸಿಪ್ಪೆ ಸಮೇತ ಎಣ್ಣೆಗೆ ಬಿಟ್ಟಳು. ಊರಿನಲ್ಲಿ ಒಗ್ಗರಣೆಗೆ ಎಲ್ಲರೂ ಮಾಡುವುದೇ ಹಾಗೆ.

"ಎಂತ ಮಾಡುದು ನೀನು?" ಅಪೊಲೊನಿಯಾ ಬಾಣಲೆಯನ್ನೇ ಕಿತ್ತುಕೊಂಡಳು. "ಇದು ನಿನ್ನ ಕುಸೈಸಿನ ಮನೆಯಾ? ಸಿಪ್ಪೆ ಸುಲಿ. ಇಡೀ ಹಾಕು, ಕೆಂಪಾದ ಕೂಡ್ಲೆ ತೆಗೆ. ಪುಸ್ತಕದಲ್ಲಿ ಬರೆದದ್ದು ಕಾಣುದಿಲ್ವಾ ನಿಂಗೆ?"

"ಸುವಾಸನೆ ಸಿಪ್ಪೆಯಲ್ಲೇ ಅಲ್ವಾ ಅಕ್ಕ ಇರುದು?"

"ಬಾಯ್ಮುಚ್ಚಿ ಮಾಡು."

ಎಣ್ಣೆಯನ್ನೂ ಬೆಳ್ಳುಳ್ಳಿಯನ್ನೂ ಒಟ್ಟಿಗೆ ಕಸದ ಬುಟ್ಟಿಗೆ ಸುರಿದದ್ದಾಯಿತು. ಅಂಥ ಎಣ್ಣೆ! ಅದರ ಒಂದೊಂದು ತೊಟ್ಟಿಗೂ ಅಪೊಲೊನಿಯಾ ಮರುಗಿದಳು. ಆದರೂ ಈ ಹುಡುಗಿಯನ್ನು ಬಿಗಿಯಾಗಿ ತಿದ್ದದಿದ್ದರೆ ತಾನು ಇಲ್ಲಿಂದ ಬಿಡುಗಡೆಯಾಗುವುದಿಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಆ ದಿನ ವೆರೋನಿಕಾ ಸುಲಿದ ಬೆಳ್ಳುಳ್ಳಿಯಲ್ಲೇ ಮಾಡಿದಳು. ಆದರೆ ಸಪ್ಪೆಯೆನಿಸಿತೆಂದು ಯಾರಿಗೂ ಕಾಣದಂತೆ ಒಂದು ಈರುಳ್ಳಿ ಹೆಚ್ಚಿ ಹಾಕಿದಳು. ಸಿನ್ಯೋರಾ ಒಂದು ತುತ್ತು ತಿಂದು ತಟ್ಟೆ ಸರಿಸಿದಳು. ವಾರದ ಉಳಿದ ಊಟ ಹೇಗೋ ನಡೆಯಿತು. ಮುಂದಿನ ಶನಿವಾರ ವೆರೋನಿಕಾ ಚಿಟಿಕೆ ಮೆಣಸಿನ ಪುಡಿ ಹಾಕಿದಳು. ತಟ್ಟೆ ಮತ್ತೆ ಸರಿಯಿತು. ಇಪ್ಪತ್ತನೇ ತಾರೀಖಿನ ಟಿಕೆಟು ಇಪ್ಪತ್ತೇಳಕ್ಕೆ ಹೋಯಿತು. ಆಮೇಲೆ ಅಪೊಲೊನಿಯಾ ಸೊಂಟಕ್ಕೆ ಕೈಕೊಟ್ಟು ಪೊಲೀಸಿನಂತೆ ಪಕ್ಕದಲ್ಲೇ ನಿಂತು ಕಾದಳು. ವೆರೋನಿಕಾ ಪುಸ್ತಕದಲ್ಲಿದ್ದ ಹಾಗೆ, ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ಮಾಡಿದಳು. ಸಿನ್ಯೋರಾ ತಿಂದಳು, ಯೋಚಿಸಿದಳು, ಮತ್ತೊಂದು ತುತ್ತು ತಿಂದು ಫೋರ್ಕ್ ಕೆಳಗಿಟ್ಟಳು.

"ತಪ್ಪೇನಿಲ್ಲ," ಎಂದಳು ತನ್ನ ಮುರುಕು ಇಂಗ್ಲಿಷಿನಲ್ಲಿ. "ಆದರೆ ಇದಲ್ಲ."

ಟಿಕೆಟು ಡಿಸೆಂಬರ್ ನಾಲ್ಕಕ್ಕೆ ಹೋಯಿತು. ಊರಿನಿಂದ ಜೆಸ್ಸಿಕಾ ಫೋನ್ ಮಾಡಿದಳು. "ಮಮ್ಮಿ, ನೀವು ಬರುವವರೆಗೆ ನಾನು ಇಲ್ಲಿ ಬಜ್ಪೆಯಲ್ಲೇ ಇರ್ತೇನೆ. ಬೀಗ ಹಾಕಿದ ಮನೇಲಿ ಒಬ್ಬಳೇ ಹೋಗಿ ಎಂತ ಮಾಡುದು? ಮಾಂಯ್ ಉಂಟಲ್ಲ ಇಲ್ಲಿ." ಮಾಂಯ್ ಎಂದರೆ ಅವಳ ಗಂಡನ ತಾಯಿ. ಅಪೊಲೊನಿಯಾ ಹೂಂ ಎಂದಳು. ಅಳಬೇಕೆನಿಸಿತು. ಅಳುವುದಕ್ಕೂ ಎಲ್ಲಿಂದಲಾದರೂ ಒಂದಿಷ್ಟು ಶಕ್ತಿ ಬರಬೇಕಲ್ಲ.

ಡಿಸೆಂಬರ್ ಎರಡು, ಶನಿವಾರ. ಎಮಿರೇಟ್ಸಿನ ರಾಷ್ಟ್ರೀಯ ದಿನದ ಹಬ್ಬ. ಕೆಳಗೆ ರಸ್ತೆಯಲ್ಲಿ ಬಾವುಟ ಕಟ್ಟಿದ ಕಾರುಗಳು ಬೆಳಗಿನಿಂದಲೇ ಹಾರ್ನ್ ಒತ್ತುತ್ತಿದ್ದವು. ಅಂದು ಅಪೊಲೊನಿಯಾ ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಮೋಸ ಮಾಡಲು ಹೊರಟಳು.

"ನಾನು ಮಾಡ್ತೇನೆ, ನೀನು ಬಡಿಸು. ನೀನೇ ಮಾಡಿದ್ದು ಅಂತ ಹೇಳು, ಖಲಾಸ್. ನಾನು ಹೋದ ಮೇಲೆ ದೇವರು ನೋಡಿಕೊಳ್ತಾನೆ."

"ಪಾಪ ಅಲ್ವಾ ಅಕ್ಕ?"

"ಪಾಪ ನಂಗಿರಲಿ. ನೀನು ಬಡಿಸು ಮಾರಾಯ್ತಿ."

ಅವಳು ಮಾಡಿದಳು. ತಲೆಯಲ್ಲಿ ಬಜ್ಪೆಯೇ ತುಂಬಿದ್ದರಿಂದ ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ಪಕ್ಕದಲ್ಲಿದ್ದ ವೆರೋನಿಕಾ ಏನನ್ನೋ ನೋಡಿ ಬಾಯಿ ತೆರೆದಳು, ಬೈಗುಳ ನೆನಪಾಗಿ ಮುಚ್ಚಿಕೊಂಡಳು.

ಸಿನ್ಯೋರಾ ತಟ್ಟೆ ಪೂರ್ತಿ ಉಂಡಳು. ಕೊನೆಯ ಸಾಸನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿಂದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಪೊಲೊನಿಯಾ," ಎಂದು ಕೂಗಿದಳು. "ಹುಡುಗಿಯ ಹಿಂದೆ ಯಾಕೆ ಅಡಗಿದ್ದೀ? ಬಾ ಇಲ್ಲಿ."

ಅಪೊಲೊನಿಯಾ ಹೋಗಿ ನಿಂತಳು. ಮುದುಕಿ ತಟ್ಟೆಯ ಅಂಚನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ಸಾಲಾಗಿ ಬೆಳ್ಳುಳ್ಳಿಯ ಸಿಪ್ಪೆಗಳಿದ್ದವು.

ಊರಿನಲ್ಲಿ ಊಟ ಮುಗಿದ ಎಲ್ಲ ಬಟ್ಟಲಿನ ಅಂಚಿನಲ್ಲೂ ಸಿಪ್ಪೆ, ಕರಿಬೇವಿನ ಎಲೆ ಇರುತ್ತವೆ. ಅದನ್ನು ಯಾರು ನೋಡುತ್ತಾರೆ? ಹದಿನಾಲ್ಕು ವರ್ಷ ಆ ತಟ್ಟೆಯನ್ನು ತಾನೇ ತೊಳೆದಿದ್ದರೂ ಅಪೊಲೊನಿಯಾ ನೋಡಿರಲಿಲ್ಲ. ಬಾಯಲ್ಲಿ ಪುಸ್ತಕದ ಮಾತು ಹೇಳುತ್ತಲೇ, ಅವಳ ಕೈ ಪ್ರತಿ ಶನಿವಾರ ಲೋಟದ ತಳದಿಂದ ಬೆಳ್ಳುಳ್ಳಿ ಜಜ್ಜಿ ಸಿಪ್ಪೆ ಸಮೇತ ಒಗ್ಗರಣೆ ಹಾಕುತ್ತಲೇ ಬಂದಿತ್ತು.

"ಮೊದಲ ತಿಂಗಳು ಬಯ್ಯೋಣವೆಂದಿದ್ದೆ," ಎಂದಳು ಸಿನ್ಯೋರಾ. "ನೀನು ಮಗಳನ್ನು ನೆನೆದು ಅಳುತ್ತಿದ್ದೆ. ಇರಲಿ ಎಂದುಕೊಂಡೆ. ಆಮೇಲೆ ಅಭ್ಯಾಸವಾಯಿತು. ಈಗ ನನ್ನ ಅಮ್ಮನ ಸಾಸ್ ಹೇಗಿತ್ತೆಂದೇ ನೆನಪಿಲ್ಲ. ನನಗೆ ಬೇಕಾದದ್ದು ಇದು."

"ಅಕ್ಕ," ಎಂದಳು ವೆರೋನಿಕಾ ಮೆಲ್ಲಗೆ, "ನಾನು ಮೊದಲ ದಿನ ಹೀಗೇ ಅಲ್ವಾ ಮಾಡಿದ್ದು?"

ಹೌದು. ಹೀಗೇ ಮಾಡಿದ್ದಳು. ಆ ಬಾಣಲೆಯನ್ನು ಕಸಕ್ಕೆ ಸುರಿಯದಿದ್ದರೆ ಇಪ್ಪತ್ತನೇ ತಾರೀಖಿನ ವಿಮಾನ ಹತ್ತಿ ಅಪೊಲೊನಿಯಾ ಈಗ ಊರಿನಲ್ಲಿರುತ್ತಿದ್ದಳು. ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ. ತನ್ನ ಕಾಲಿಗೆ ತಾನೇ ಹಗ್ಗ ಬಿಗಿದುಕೊಂಡಿದ್ದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಸಿನ್ಯೋರಾ ಎದುರಿನ ಕುರ್ಚಿಯಲ್ಲಿ ಕೇಳದೆಯೇ ಕೂತುಬಿಟ್ಟಳು.

ಸಂಜೆ ಫೋನ್ ಬಂತು. ಹೆಣ್ಣು ಮಗು, ಹದಿಮೂರು ದಿನ ಮೊದಲೇ. ತಾಯಿ ಮಗು ಇಬ್ಬರೂ ಸೌಖ್ಯ. "ಗಡಿಬಿಡಿ ಮಾಡ್ಬೇಡಿ ಮಮ್ಮಿ," ಎಂದಳು ಜೆಸ್ಸಿಕಾ. "ಮಾಂಯ್ ಎಲ್ಲ ಮಾಡಿದ್ದಾರೆ. ನಿಮ್ಮ ಕಾಲು ಬೇರೆ ನೋಯ್ತದೆ, ನಿಧಾನ ಬನ್ನಿ." ಅಕ್ಕರೆಯಿಂದಲೇ ಹೇಳಿದ ಮಾತು. ಅಪೊಲೊನಿಯಾಳಿಗೆ ಅದಕ್ಕಿಂತ ನಾಲ್ಕು ಬೈಗುಳ ತಿಂದಿದ್ದರೆ ಸಮಾಧಾನವಾಗುತ್ತಿತ್ತು.

ನಾಲ್ಕನೇ ತಾರೀಖು ಹೊರಟಳು. ಸಿನ್ಯೋರಾ ಒಂದು ಡಬ್ಬಿ ಎಣ್ಣೆ ಕೊಟ್ಟಳು, ಕೆನ್ನೆಗೆ ಮುತ್ತಿಟ್ಟಳು, ಬಾಗಿಲವರೆಗೆ ಬಂದಳು.

ಬಜ್ಪೆಯ ಮನೆಯಲ್ಲಿ ಬಾಣಂತಿಗೆ ಎಣ್ಣೆ ನೀರು, ಮಗುವಿನ ಸ್ನಾನ, ಕರಿಮೆಣಸಿನ ಸಾರು, ಎಲ್ಲಕ್ಕೂ ಅದಾಗಲೇ ಕೈಗಳಿದ್ದವು. ಬೀಗತಿ ಒಳ್ಳೆಯ ಹೆಂಗಸು. ಇವಳನ್ನು ಕುರ್ಚಿಯಲ್ಲಿ ಕೂರಿಸಿ, "ನೀವು ಸುಧಾರಿಸಿಕೊಳ್ಳಿ, ಎಷ್ಟು ವರ್ಷ ದುಡಿದಿದ್ದೀರಿ," ಎಂದಳು. ಎರಡು ದಿನ ಸುಧಾರಿಸಿಕೊಂಡು ಅಪೊಲೊನಿಯಾಳಿಗೆ ಉಸಿರು ಕಟ್ಟಿತು. ಮೂರನೆಯ ದಿನ ಹಟ ಮಾಡಿ ಅಡುಗೆಮನೆಗೆ ಹೋದಳು. ಮಗಳಿಗೆಂದು ಕೋಳಿ ಸಾರು ಮಾಡಿದಳು. ಮೆಣಸು, ಜೀರಿಗೆ, ಬೆಳ್ಳುಳ್ಳಿ ಎಲ್ಲ ಹಾಕಿದ್ದಳು. ಹಾಕಿದ್ದೇನೆಂದೇ ಅವಳು ತಿಳಿದಿದ್ದಳು.

ಜೆಸ್ಸಿಕಾ ಎರಡು ತುತ್ತು ಉಂಡು ತಾಯಿಯ ಮುಖ ನೋಡಿದಳು. "ಚೆಂದ ಉಂಟು ಮಮ್ಮಿ." ಅನ್ನವನ್ನು ಇನ್ನೊಮ್ಮೆ ಕಲಸಿ ಹೇಳಿದಳು, "ಆದ್ರೆ ಸ್ವಲ್ಪ ಚಪ್ಪೆ. ಇದಕ್ಕೆ ಮಸಾಲೆ ಹಾಕ್ಲಿಲ್ವಾ? ನಾಳೆಗೆ ಮಾಂಯ್ ಹತ್ರ ಮಾಡ್ಸುವಾ, ಆಗ್ದಾ? ನಿಮಗೂ ಶ್ರಮ ಬೇಡ."

"ಆಯ್ತು ಬಾಯೆ," ಎಂದಳು ಅಪೊಲೊನಿಯಾ.

ಮಗಳದು ತಪ್ಪೆನ್ನಲು ಬರುವುದಿಲ್ಲ. ಹದಿನಾಲ್ಕು ವರ್ಷ ಐದೇ ಸಾಮಾನಿನಲ್ಲಿ ಪಳಗಿದ ಕೈ ಮಸಾಲೆಯನ್ನು ಚಿಟಿಕೆಯಷ್ಟಕ್ಕೇ ಇಳಿಸಿತ್ತು. ತಾಯಿಯ ಕೈರುಚಿ ಎಂದರೇನೆಂದು ಆ ಹುಡುಗಿಗೆ ಯಾರು ಕಲಿಸಿದ್ದರು? ಅದನ್ನು ಬಲ್ಲವಳು ಒಬ್ಬಳೇ. ಎಂಬತ್ತನಾಲ್ಕು ವರ್ಷದ ಆ ಪರದೇಶಿ ಮುದುಕಿ ಕಡಲಾಚೆ, ಹನ್ನೊಂದನೇ ಮಾಳಿಗೆಯಲ್ಲಿದ್ದಳು.

ಅಪೊಲೊನಿಯಾ ಬಟ್ಟಲನ್ನು ಒಳಗೆ ತಂದಳು. ಉಳಿದ ಸಾರನ್ನು ಅನ್ನಕ್ಕೆ ಸುರಿದುಕೊಂಡು ಒಲೆಯ ಬಳಿ ನಿಂತೇ ಉಂಡಳು. ಉಂಡು ಮುಗಿದ ಮೇಲೆ ಬಟ್ಟಲಿನ ಅಂಚನ್ನು ನೋಡಿದಳು. ಐದು ಸಿಪ್ಪೆಗಳಿದ್ದವು.