ಚಹಾದ ಮೆಸೇಜು

ಶಂಶಾಬಾದ್ ವಿಮಾನ ನಿಲ್ದಾಣದ ಹೊರಗೆ, ಚಹಾ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಂಪನಿ ಕೆಲಸಕ್ಕೆ ಮೊದಲ ಸಲ ಜರ್ಮನಿಗೆ ಹೊರಟ ನನ್ನ ಜೇಬಿನಲ್ಲಿ ಹೊಸ ಕ್ರೆಡಿಟ್ ಕಾರ್ಡಿದೆ. ವಿಮಾನ ತಡವಂತೆ.

ಪಕ್ಕದಲ್ಲಿರುವವರು ಬೀದರ್ ಕಡೆಯವರು, ಇಲ್ಲೇ ಊರೊಳಗೆ ನಾಚಾರಂನಲ್ಲಿ ಸಣ್ಣ ಕಾರ್ಖಾನೆ ಇಟ್ಟಿದ್ದಾರೆ. ನಾನು ಫೋನಿನಲ್ಲಿ ಆಡಿದ ಕನ್ನಡ ಕೇಳಿ ಮಾತಿಗೆ ಬಂದರು. ಜರ್ಮನಿಗೆ ಹೊರಟಿದ್ದೇನೆ ಎಂದೊಡನೆ ತಮ್ಮನ ಸುದ್ದಿ ತೆಗೆದರು. ಅಲ್ಲಿಗೆ ಯಂತ್ರ ನೋಡಲು ಹೋಗಿದ್ದ ಅವರ ತಮ್ಮನ ಹೆಣ ಇವತ್ತಿನ ವಿಮಾನದಲ್ಲಿ ಬರುತ್ತಿದೆ.

ಅಲ್ಲಿಂದ ಫೋನ್ ಮಾಡಿದರೆ ಖರ್ಚು ಜಾಸ್ತಿ ಎಂದು ಅಣ್ಣತಮ್ಮ ಒಂದು ಉಪಾಯ ಮಾಡಿಕೊಂಡಿದ್ದರು. ತಮ್ಮ ದಿನಾ ಬೆಳಿಗ್ಗೆ ಕಾರ್ಡ್ ಉಜ್ಜಿ ಚಹಾ ಕುಡಿಯಬೇಕು. ಕಾರ್ಡು ಅಣ್ಣನ ಖಾತೆಯದು, ಬ್ಯಾಂಕಿನ ಮೆಸೇಜು ಇಲ್ಲಿ ಅಣ್ಣನ ಫೋನಿಗೆ ಬೀಳುತ್ತದೆ. ಬಿತ್ತೆಂದರೆ ತಮ್ಮ ಆರಾಮಾಗಿದ್ದಾನೆ ಎಂದರ್ಥ.

"ಮೆಸೇಜ್ ದಿನಾ ಬಂತ್ರಿ," ಎಂದರು. "ಅವ ಎದಿ ಹಿಡಕೊಂಡು ರಸ್ತೆದಾಗ ಬಿದ್ದು ಸತ್ತಿದ್ದ. ಪಾಕೀಟು ಯಾರೋ ಹೊಡದಿದ್ರು. ಗುರ್ತಿಲ್ಲದ ಹೆಣ ಅಂತ ದವಾಖಾನ್ಯಾಗ ಇಟ್ಟಿದ್ರು. ಅವ ಇಳದಿದ್ದ ಹೋಟೆಲಿನವ್ರು ಗುರ್ತು ಹಿಡಿಯೂತನಕ ಇಲ್ಲಿ ಮೆಸೇಜ್ ಬರಾಕತ್ತಿತ್ತು."

ಕದ್ದವನಿಗೂ ಬೆಳಿಗ್ಗೆ ಚಹಾ ಬೇಕಾಗಿತ್ತು.

"ಕಾರ್ಡ್ ಬಂದ್ ಮಾಡಿಸಿದ್ರೇನ್ರಿ?" ಎಂದೆ.

"ಮಾಡಿಸೀನ್ರಿ." ಅವರು ಕೈಯಲ್ಲಿದ್ದ ಫೋನನ್ನು ಬೋರಲು ಮಾಡಿ ತೊಡೆಯ ಮೇಲಿಟ್ಟುಕೊಂಡರು. "ನಮ್ಮ ಅವ್ವ, ಮಗ ಕುಡದಾನ ಅಂತ ಮೆಸೇಜ್ ಬಂದ ಮ್ಯಾಲೇ ತಾನೂ ಚಹಾ ಕುಡೀತಿದ್ಲು. ಅವ ಸತ್ತ ಮ್ಯಾಲೂ ಹಂಗೇ ಕುಡದಾಳ್ರಿ. ಸತ್ತಿದ್ದು ಹೇಳೀನ್ರಿ, ಅದೊಂದು ಆಕಿಗೆ ಹೇಳಿಲ್ಲ."