ಡ್ಯಾಶ್‌ಬೋರ್ಡಿನ ಕೋವಿ

ನಾವು ಕೊಡವರು. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕಿನವರು. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಗುಂಡು ಹಾರಿಸಿ ಊರಿಗೆಲ್ಲ ಸಾರುವವರು. ದುಬೈ ಆಫೀಸಿನಲ್ಲಿ ಇದನ್ನು ಕೇಳದವರಿಗೂ ಹೇಳಿದ್ದೆ. ಆದರೆ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ಪೂಜೆಗಿಡಲು ಆ ದೇಶದಲ್ಲಿ ಆಯುಧ ಎಲ್ಲಿಂದ ತರುವುದು? ದುಬೈಯ ನೈಫ್ ಬಜಾರಿನಲ್ಲಿ ಹತ್ತು ಅಂಗಡಿ ಸುತ್ತಿ, ನೋಡಿದರೆ ನಿಜದ್ದೇ ಅನ್ನಿಸುವಂಥ ಕಪ್ಪು ಆಟಿಕೆ ಪಿಸ್ತೂಲು ಕೊಂಡೆ.

ಪೂಜೆ ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಗೆಳೆಯನ ಫ್ಲಾಟಿನಲ್ಲಿ. ಕಾರಿನಲ್ಲಿ ಅದನ್ನು ಯಾರಿಗೂ ಕಾಣದಂತೆ ಎಲ್ಲಿಡುವುದೆಂಬುದೇ ಚಿಂತೆಯಾಯಿತು.

“ಸೀಟಿನ ಕೆಳಗಿಟ್ರೆ ಜಾರಿ ಬ್ರೇಕಿಗೆ ಸಿಕ್ಕೊಳ್ಳತ್ತೆ ರೀ, ಡ್ಯಾಶ್‌ಬೋರ್ಡ್ ಒಳಗೆ ಹಾಕಿ,” ಎಂದಳು ಮೈಸೂರಿನಲ್ಲಿ ಬೆಳೆದ ನನ್ನ ಹೆಂಡತಿ. ಭದ್ರವೂ ಹೌದು, ಕೈಗೂ ಎಟಕುತ್ತದೆ ಎಂದುಕೊಂಡು ಹಾಗೇ ಮಾಡಿದೆ.

ದಾರಿಯಲ್ಲಿ ಪೊಲೀಸನೊಬ್ಬ ಕಾರು ನಿಲ್ಲಿಸಿ “ಮುಲ್ಕಿಯಾ” ಎಂದ. ಗಾಡಿಯ ನೋಂದಣಿ ಕಾರ್ಡು ಬೇಕಂತೆ. ಅದಿದ್ದದ್ದು ಡ್ಯಾಶ್‌ಬೋರ್ಡಿನಲ್ಲೇ, ಪಿಸ್ತೂಲಿನ ಅಡಿಯಲ್ಲಿ. ವೀರ ವಂಶದ ನಾನು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಬೆವರುತ್ತ ಕುಳಿತೆ. ಹೆಂಡತಿಯೇ ಡ್ಯಾಶ್‌ಬೋರ್ಡ್ ತೆರೆದು ಎರಡನ್ನೂ ಒಟ್ಟಿಗೆ ಅವನ ಕೈಗಿತ್ತಳು.

ಅವನು ಪಿಸ್ತೂಲನ್ನು ತಿರುಗಿಸಿ ನೋಡಿ, ಪ್ಲಾಸ್ಟಿಕ್ಕೆಂದು ತಿಳಿದು ನಕ್ಕ. “ಬಚ್ಚೇ ಕಾ?”

ಮಗುವಿನದಲ್ಲ, ನನ್ನದೇ ಎನ್ನಲು ನಾಲಿಗೆ ಏಳಲಿಲ್ಲ. “ಹಾಂ, ಬೇಟೇ ಕಾ,” ಎಂದುಬಿಟ್ಟೆ.

ಅವನು ಖುಷಿಯಾಗಿ ಅದನ್ನು ಆಕಾಶಕ್ಕೆ ಹಿಡಿದು ಟ್ರಿಗರ್ ಒತ್ತಿದ. ಕೆಂಪು ದೀಪ ಮಿನುಗಿ, ಪೀಂ ಪೀಂ ಎಂದಿತು. ಮಗ ಹುಟ್ಟಿದ ಸುದ್ದಿಯನ್ನು ಪದ್ಧತಿ ಪ್ರಕಾರವೇ ಸಾರಿದಂತಾಯಿತು. ನಮಗಾಗ ಮದುವೆಯಾಗಿ ಎರಡೇ ತಿಂಗಳು.